ನೀರಿನ ಮೂಲ ಕೇಳಬೇಕು

ಋಷಿಮೂಲ, ನದೀಮೂಲ ಹುಡುಕಬಾರದು ಎಂಬ ಗಾದೆಯಿದೆ. ಋಷಿಗಳ ವಿಷಯ ಋಷಿಗಳಿಗೇ ಬಿಡೋಣ. ನದಿಯ ಮಟ್ಟಿಗೆ ಮಾತ್ರ ಈ ಗಾದೆ ಕಟ್ಟಿದವರು ಕೋಲಾರ ಸೀಮೆಯವರಾಗಿರಲಾರರು. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ಇದು. ಪಾಲಾರ್ ಇದೆ, ಆದರೆ ಅದರ ಪಾತ್ರದಲ್ಲಿ ಬಹುಪಾಲು ತಿಂಗಳು ನೀರಿರುವುದಿಲ್ಲ. ಮರಳನ್ನಂತೂ ಲಾರಿಗಳು ಎಂದೋ ಹೊತ್ತುಕೊಂಡು ಹೋಗಿವೆ. ಮೂಲ ವಿಚಾರಿಸದೆ ನೀರು ಕುಡಿದರೆ ಏನಾಗುತ್ತದೆಂಬುದು ಇಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಜನರ ಹಲ್ಲಿನ ಮೇಲೇ ಕಂದು ಗೆರೆಗಳಲ್ಲಿ ಬರೆದಿದೆ. ಹಾಗಾಗಿ ಬಂಗಾರಪೇಟೆಯ ಕಡೆ ನೆಂಟರ ಮುಂದೆ ಲೋಟ ಇಟ್ಟಾಗ ‘ಇದು ಯಾವ ನೀರು?’ ಎಂದು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬೋರ್ ನೀರೋ, ಫಿಲ್ಟರ್ ನೀರೋ, ಕ್ಯಾನ್ ನೀರೋ ಎಂದು ತಿಳಿದುಕೊಂಡೇ ಲೋಟ ಎತ್ತುವುದು ಇಲ್ಲಿ ವಿವೇಕದ ಲಕ್ಷಣ. ಬೆಟ್ಟದ ಬುಡದ ಚಿಲುಮೆಗೆ ಕ್ಯಾನ್ ಹಿಡಿದು ಹೋಗುವವರು ಈ ಪ್ರಶ್ನೆಯನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದವರು. ಅವರದು ಹಳೇ ಕಾಲದ ಗೀಳು ಎಂದು ತಳ್ಳಿಹಾಕುವುದು ತಪ್ಪು. ಕ್ಯಾನ್ ತುಂಬಿಕೊಂಡ ಮಾತ್ರಕ್ಕೆ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದುಕೊಳ್ಳುವುದೂ ತಪ್ಪು. ಇವೆರಡರ ನಡುವೆ ಒಂದು ದಾರಿಯಿದೆ ಎಂಬುದು ನನ್ನ ವಾದ.

ಚಿಲುಮೆ ಎಂದೊಡನೆ ಈ ಭಾಗದವರ ಮನಸ್ಸಿಗೆ ಬರುವುದು ಅಂತರಗಂಗೆ. ಕೋಲಾರ ಪೇಟೆಯಿಂದ ಮೂರ್ನಾಲ್ಕು ಕಿಲೋಮೀಟರ್ ದೂರದಲ್ಲಿ, ಶತಶೃಂಗ ಬೆಟ್ಟದ ಮಗ್ಗುಲಲ್ಲಿ, ಕಾಶಿ ವಿಶ್ವೇಶ್ವರನ ಗುಡಿಯ ಬಳಿ ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ಬೀಳುವ ಸಣ್ಣ ಧಾರೆ ಅದು. ಬಂಗಾರಪೇಟೆಯಿಂದ ಹೋಗಿಬರಲು ದೂರವೇನಲ್ಲ, ಕೆಜಿಎಫ್‌ನಿಂದ ತುಸು ಹೆಚ್ಚು. ಮೆಟ್ಟಿಲು ಹತ್ತಬೇಕು, ಕೋತಿಗಳಿಂದ ಕೈಚೀಲ ಕಾಪಾಡಿಕೊಳ್ಳಬೇಕು. ಇಂಥ ಜಾಗದಲ್ಲಿ ನೀರು ಹಿಡಿಯುವುದನ್ನು ಹತ್ತಿರ ನಿಂತು ನೋಡಿದರೆ ಅದಕ್ಕೊಂದು ಶಿಸ್ತು ಕಾಣುತ್ತದೆ. ಕ್ಯಾನನ್ನು ಮೊದಲು ಅದೇ ನೀರಿನಲ್ಲಿ ಎರಡು ಸಲ ಕುಲುಕಿ ಚೆಲ್ಲುತ್ತಾರೆ. ತಳ ಕತ್ತರಿಸಿದ ಬಾಟಲಿಯೇ ಆಲಿಕೆ, ಹಳೇ ಪಂಚೆಯ ತುಂಡೇ ಸೋಸುಬಟ್ಟೆ. ಧಾರೆ ಸಣ್ಣದಾದ್ದರಿಂದ ಅವಸರ ಮಾಡಿ ಪ್ರಯೋಜನವಿಲ್ಲ; ಹತ್ತು ಕ್ಯಾನ್ ತಂದವನೂ ಒಂದು ಬಾಟಲಿ ತಂದವಳಿಗೆ ದಾರಿ ಬಿಡಬೇಕು. ತುಂಬಿದ ಕ್ಯಾನನ್ನು ಬಿಸಿಲಿಗೆ ಹಿಡಿದು ಕಸ ಇದೆಯೇ ಎಂದು ನೋಡುತ್ತಾರೆ. ಅಷ್ಟು ನೋಡಿದರೆ ಪರೀಕ್ಷೆ ಮುಗಿಯಿತು. ಆ ಪರೀಕ್ಷೆ ಎಲ್ಲಿ ಸಾಲದಾಗುತ್ತದೆ ಎಂಬ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಷ್ಟು ದೂರ ಯಾಕೆ ಬರುತ್ತಾರೆ ಎಂದು ಕೇಳಿದರೆ ಸಾಮಾನ್ಯವಾಗಿ ಮೂರು ಕಾರಣ ಹೇಳುತ್ತಾರೆ: ದೈವಭಕ್ತಿ, ರುಚಿ, ಪುಕ್ಕಟೆ. ಪುಕ್ಕಟೆ ಎಂಬುದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಬೀದಿ ತುದಿಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಒಂದೆರಡು ನಾಣ್ಯ ಹಾಕಿದರೆ 20 ಲೀಟರ್ ಸಿಗುವಾಗ, ಬೈಕಿಗೆ ಅದಕ್ಕಿಂತ ಹತ್ತು ಪಟ್ಟು ಪೆಟ್ರೋಲ್ ಸುಡುವುದು ಉಳಿತಾಯವಲ್ಲ. ಭಕ್ತಿಗೆ ಒಂದು ಉದ್ಧರಣೆ ತೀರ್ಥ ಸಾಕು, ಅದಕ್ಕೆ ಕ್ಯಾನ್ ಬೇಕಿಲ್ಲ. ರುಚಿ ನಿಜ, ಆದರೆ ರುಚಿಯೊಂದಕ್ಕೇ ಜನ ವಾರವಾರ ಇಷ್ಟು ಕಷ್ಟಪಡುವುದಿಲ್ಲ. ಈ ಮೂರರ ಹಿಂದೆ ನಾಲ್ಕನೆಯದೊಂದು ಇದೆ: ಈ ನೀರು ಎಲ್ಲಿಂದ ಬಂತು ಎಂದು ಕಣ್ಣಿಗೆ ಕಾಣುತ್ತದೆ. ಮನೆಗೆ ಬರುವ ಉಳಿದ ನೀರುಗಳ ಜಾತಕ ನೋಡಿ. ನಲ್ಲಿ ನೀರು ಬಹುತೇಕ ಕಡೆ ಪುರಸಭೆಯ ಎಷ್ಟೋ ಕೊಳವೆಬಾವಿಗಳ ಬೆರಕೆ. ಇವತ್ತಿನದು ಯಾವುದು ಎಂದು ವಾಟರ್‌ಮ್ಯಾನ್‌ನನ್ನೇ ಕೇಳಬೇಕು. ಟ್ಯಾಂಕರ್ ನೀರು ಯಾರ ತೋಟದ ಬೋರಿನದೋ. ಕ್ಯಾನಿನ ಮುಚ್ಚಳದ ಮೇಲೆ ಹೆಸರಿರುತ್ತದೆ, ಬಾವಿಯ ವಿಳಾಸ ಇರುವುದಿಲ್ಲ. ಹೀಗೆ ಎಲ್ಲ ನೀರೂ ಅನಾಮಧೇಯವಾಗಿರುವಲ್ಲಿ, ಬಂಡೆಯ ಸಂದಿನಿಂದ ಎದುರಿಗೇ ಇಳಿಯುವ ನೀರನ್ನು ಜನ ನಂಬುತ್ತಾರೆ. ಇದನ್ನು ಮೂಢನಂಬಿಕೆ ಎನ್ನುವವರು ಉಳಿದ ನೀರುಗಳ ಹಿನ್ನೆಲೆಯನ್ನು ಮೊದಲು ಹೇಳಲಿ.

ಚಿನ್ನದ ಗಣಿಯ ಊರಾದ ಕೆಜಿಎಫ್‌ಗೆ ತನ್ನ ನೀರಿನ ಮೂಲ ಗೊತ್ತಿದ್ದ ಕಾಲವೂ ಇತ್ತು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆ ಶುರುಮಾಡಿದ ಮೇಲೆ ಸಾವಿರಾರು ಕುಟುಂಬಗಳು, ಹೆಚ್ಚಿನವು ತಮಿಳು ಸೀಮೆಯಿಂದ, ಈ ಒಣಭೂಮಿಗೆ ಬಂದು ‘ಲೈನ್’ ಎಂಬ ಸಾಲುಮನೆಗಳಲ್ಲಿ ನೆಲೆಸಿದವು. ಅವರಿಗೆಲ್ಲ ನೀರು ಬೇಕಲ್ಲ? ಪಾಲಾರ್‌ಗೆ ಅಡ್ಡಲಾಗಿದ್ದ ಬೇತಮಂಗಲದ ಹಳೇ ಕೆರೆಯಿಂದ ನೀರೆತ್ತಿ, ಸೋಸಿ, ಕೊಳವೆಯಲ್ಲಿ ಗಣಿ ಪ್ರದೇಶಕ್ಕೆ ತರುವ ವ್ಯವಸ್ಥೆಯಾಯಿತು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು 1894ರಲ್ಲಿ, ಶಿವನಸಮುದ್ರದಿಂದ ವಿದ್ಯುತ್ 1902ರಲ್ಲಿ, ಆಮೇಲೆ ಬೇತಮಂಗಲದ ನೀರು: ನೆಲದೊಳಗಿನ ಚಿನ್ನಕ್ಕಾಗಿ ಸರ್ಕಾರ ಏನನ್ನು ಬೇಕಾದರೂ ಎಷ್ಟು ದೂರದಿಂದಲಾದರೂ ತರಿಸಿಕೊಟ್ಟಿತು. ಲೈನ್‌ಗಳ ಬೀದಿ ನಲ್ಲಿಯ ಮುಂದೆ ಜಗಳಗಳು ಇದ್ದೇ ಇದ್ದವು, ಆದರೆ ನೀರು ಬೇತಮಂಗಲದ್ದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕೆರೆ ತುಂಬಿದೆಯೇ ಎಂದು ಹೋಗಿ ನೋಡಿ ಬರಬಹುದಿತ್ತು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಅಷ್ಟರಲ್ಲಿ ಪಾಲಾರ್ ಕೂಡ ಬಡವಾಗಿತ್ತು, ಕೆರೆ ವರ್ಷಗಟ್ಟಲೆ ಒಣಗಿ ನಿಲ್ಲುವುದು ಮಾಮೂಲಾಯಿತು. 2021ರ ಅತಿಮಳೆಯಂಥ ವರ್ಷ ಬಂದಾಗ ಜಿಲ್ಲೆಯ ಕೆರೆಗಳು ಕೋಡಿ ಬಿದ್ದು ಜನ ಬಾಗಿನ ಅರ್ಪಿಸಿದ್ದುಂಟು. ಬಾಗಿನದ ವರ್ಷಗಳು ಕಡಿಮೆ, ಬೋರ್‌ವೆಲ್ ಲಾರಿಯ ವರ್ಷಗಳು ಹೆಚ್ಚು.

ಇನ್ನು ಬೋರ್‌ವೆಲ್ ವಿಷಯ. ಈ ವಾದದ ತಿರುಳು ಇಲ್ಲೇ ಇರುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಕೋಲಾರದ ನೆಲ ಬಹುತೇಕ ಗಟ್ಟಿ ಗ್ರಾನೈಟ್ ಮತ್ತು ನೈಸ್ ಶಿಲೆ. ಅದರ ನಡುವೆ ಉತ್ತರ-ದಕ್ಷಿಣವಾಗಿ ಚಿನ್ನದ ಅದಿರು ಹೊತ್ತ ಶಿಸ್ಟ್ ಪಟ್ಟಿಯೊಂದು ಹಾದುಹೋಗಿದೆ. ಈ ಗಟ್ಟಿ ಶಿಲೆಯಲ್ಲಿ ಮರಳುಗಲ್ಲಿನಂತೆ ನೀರು ತುಂಬಿಕೊಳ್ಳುವ ರಂಧ್ರಗಳಿಲ್ಲ. ನೀರು ಇರುವುದು ಎರಡೇ ಕಡೆ: ಮೇಲಿನ ಶಿಥಿಲಗೊಂಡ ಪದರದಲ್ಲಿ, ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಅಜ್ಜಂದಿರ ತೆರೆದ ಬಾವಿಗಳು ಮೇಲಿನ ಪದರದ ನೀರು ಕುಡಿಯುತ್ತಿದ್ದವು. ಅದು ಬರಿದಾದ ಮೇಲೆ ನಾವು ಬಿರುಕಿಗೆ ಕೈ ಹಾಕಿದೆವು. ಇನ್ನೂರು ಅಡಿ, ಐನೂರು ಅಡಿ, ಈಗ ಸಾವಿರ ಅಡಿ ದಾಟಿ ಹೋಗಿದ್ದೇವೆ. ಅಂತರ್ಜಲದ ಸರ್ಕಾರಿ ಲೆಕ್ಕದಲ್ಲಿ ಕೋಲಾರ ಜಿಲ್ಲೆ ಅತಿಬಳಕೆಯ ವರ್ಗದಲ್ಲಿದೆ. ವರ್ಷಕ್ಕೆ ಇಂಗುವುದಕ್ಕಿಂತ ಎತ್ತುವುದು ಹೆಚ್ಚು. ಆಳದ ಬಿರುಕಿನ ನೀರು ಬಂಡೆಯ ಸಂಗ ಬಹಳ ಕಾಲ ಮಾಡಿದ ನೀರು. ಗ್ರಾನೈಟಿನ ಬಯೊಟೈಟ್, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ಅದಕ್ಕೆ ಇಳಿಯುತ್ತದೆ. ಎಷ್ಟು ಹೆಚ್ಚು ಕಾಲ ಒಳಗಿದ್ದರೆ ಅಷ್ಟು ಹೆಚ್ಚು ಇಳಿಯುವ ಸಂಭವ. ಫ್ಲೋರೈಡ್ ಹೆಚ್ಚಾಗಿ ಬರುವ ಫ್ಲೋರೋಸಿಸ್ ರೋಗ ಭಾರತದಲ್ಲಿ ಮೊದಲು ದಾಖಲಾದದ್ದು 1937ರಲ್ಲಿ, ಪಕ್ಕದ ಆಂಧ್ರದ ನೆಲ್ಲೂರು ಸೀಮೆಯಲ್ಲಿ. ಹಲ್ಲು ಕಲೆಗಟ್ಟುವುದು ಅದರ ಸೌಮ್ಯ ರೂಪ. ಮೂಳೆ, ಬೆನ್ನುಹುರಿಯವರೆಗೆ ಹೋದರೆ ಬಾಗಿದ ಸೊಂಟ ನೆಟ್ಟಗಾಗುವುದಿಲ್ಲ.

ಚಿಲುಮೆಯ ನೀರಿನ ಬದುಕು ಬೇರೆ. ಬೆಟ್ಟದ ಮೇಲೆ ಬಿದ್ದ ಮಳೆ ಮಣ್ಣಿನಲ್ಲಿ, ಬಂಡೆಗಳ ನಡುವಿನ ಸವೆದ ಪುಡಿಯಲ್ಲಿ ಇಳಿದು, ಕೆಳಗೆ ಬಿರುಕಿಲ್ಲದ ಹಾಸುಬಂಡೆ ಸಿಕ್ಕಾಗ ಮುಂದೆ ದಾರಿಯಿಲ್ಲದೆ ಪಕ್ಕಕ್ಕೆ ಸರಿದು ಹೊರಬರುತ್ತದೆ. ಬಂಡೆಯ ಜೊತೆ ಅದರ ಸಹವಾಸ ಸಾಮಾನ್ಯವಾಗಿ ಅಲ್ಪಕಾಲದ್ದು, ಹಾಗಾಗಿ ಅದರಲ್ಲಿ ಕರಗಿದ ಲವಣಗಳು ಕಡಿಮೆ. ಜನ ‘ಸಿಹಿ’ ಎನ್ನುವುದು ಈ ಕೊರತೆಯನ್ನೇ. ಎಲ್ಲ ಚಿಲುಮೆಯೂ ಹೀಗೇ ಎಂದು ಕಣ್ಣುಮುಚ್ಚಿ ಹೇಳಲಾಗದು, ಅದಕ್ಕೇ ಅಳೆಯಬೇಕು. ಆದರೆ ಒಂದು ವ್ಯತ್ಯಾಸವನ್ನು ಮಾತ್ರ ಅಡುಗೆಮನೆಯಲ್ಲೇ ಅರ್ಥಮಾಡಿಕೊಳ್ಳಬಹುದು. ನೀರಿನ ದೋಷಗಳಲ್ಲಿ ಎರಡು ಬಗೆ: ಒಲೆಗೆ ಅಂಜುವವು, ಅಂಜದವು. ರೋಗಾಣು ಒಲೆಗೆ ಅಂಜುತ್ತದೆ; ಚೆನ್ನಾಗಿ ಕುದಿಸಿದರೆ ಸಾಯುತ್ತದೆ. ಫ್ಲೋರೈಡ್ ಅಂಜುವುದಿಲ್ಲ; ಕುದಿಸಿದಷ್ಟೂ ನೀರು ಆವಿಯಾಗಿ ಅದು ಗಟ್ಟಿಯಾಗುತ್ತದೆ. ಚಿಲುಮೆಯ ದೋಷ ಹೆಚ್ಚಾಗಿ ಮೊದಲ ಬಗೆಯದು, ಆಳದ ಬೋರಿನದು ಎರಡನೆಯದು. ಬಡವರ ಮನೆಯಲ್ಲಿ ಯಂತ್ರವಿಲ್ಲದಿರಬಹುದು, ಒಲೆ ಇದೆ. ಯಾವ ದೋಷವನ್ನು ಮನೆಯವರೇ ನಿವಾರಿಸಿಕೊಳ್ಳಬಲ್ಲರೋ ಆ ದೋಷದ ನೀರನ್ನು ಆರಿಸಿಕೊಳ್ಳುವುದು ದಡ್ಡತನವಲ್ಲ.

ಹಾಗೆಂದು ಮೊದಲ ಬಗೆಯ ದೋಷವನ್ನು ಹಗುರ ಮಾಡುವ ಹಾಗಿಲ್ಲ. ವೈದ್ಯರು ಎತ್ತುವ ಆಕ್ಷೇಪ ಇದೇ, ಮತ್ತು ಅದು ಪೂರ್ತಿ ಸರಿ. 1854ರಲ್ಲಿ ಲಂಡನ್ನಿನ ಸೋಹೊ ಭಾಗದಲ್ಲಿ ಕಾಲರಾ ಎದ್ದಾಗ ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳು ಎಲ್ಲಿವೆ ಎಂದು ವಿಚಾರಿಸಿ, ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಕೈಪಂಪಿನ ಮೇಲೆ ಬೆರಳಿಟ್ಟರು. ಅವರ ಪುರಾವೆಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಆ ಬೀದಿಯ ಸಾವಲ್ಲ, ಮೈಲಿಗಳಾಚೆ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ವಿಧವೆಯೊಬ್ಬರ ಸಾವು. ಆಕೆಗೆ ಆ ಪಂಪಿನ ನೀರಿನ ರುಚಿ ಹಿಡಿಸಿತ್ತು. ದಿನವೂ ಗಾಡಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದರು. ಸುತ್ತಮುತ್ತ ಯಾರಿಗೂ ಇಲ್ಲದ ಕಾಲರಾ ಆಕೆಯನ್ನು ಹುಡುಕಿಕೊಂಡು ಬಂತು. ದೂರದಿಂದ ಕ್ಯಾನ್ ತುಂಬಿಸಿಕೊಂಡು ಹೋಗುವ ಪ್ರತಿಯೊಬ್ಬರೂ ಆ ವಿಧವೆಯ ಕಥೆ ತಿಳಿದಿರಬೇಕು. ನೀರು ತಿಳಿಯಾಗಿದೆ, ತಣ್ಣಗಿದೆ, ಸಿಹಿಯಾಗಿದೆ ಎಂಬ ಮೂರೂ ಸಾಕ್ಷಿಗಳು ಆಕೆಯ ಪರವಾಗಿದ್ದವು. ಆಕೆಗೂ ತನ್ನ ನೀರಿನ ಪಂಪು ಯಾವುದೆಂದು ಗೊತ್ತಿತ್ತು. ಆ ಪಂಪಿನ ಪಕ್ಕದ ಮಲದಗುಂಡಿ ಬಾವಿಗೆ ಸೋರುತ್ತಿದ್ದುದು ಗೊತ್ತಿರಲಿಲ್ಲ. ನಮ್ಮ ಜನರ ಸ್ಥಿತಿಯೂ ಅಷ್ಟೇ. ಬಸವನ ಬಾಯಿ ಕಾಣುತ್ತದೆ, ಬಾಯಿಯ ಹಿಂದಿನ ಬೆಟ್ಟ ಕಾಣುವುದಿಲ್ಲ. ಶತಶೃಂಗದ ಮೇಲೆ ತೇರಹಳ್ಳಿಯಂಥ ಊರುಗಳಿವೆ, ಹೊಲವಿದೆ, ದನವಿದೆ. ಗುಡಿಯ ಸುತ್ತ ಜನ, ಕೋತಿ, ತಿಂದೆಸೆದ ಎಲೆ. ರಜೆಯ ದಿನ ಬೆಟ್ಟ ಹತ್ತಿ ಗುಹೆ ನೋಡಲು ಬರುವವರಂತೂ ಬಂದದ್ದಕ್ಕೆ ಗುರುತು ಬಿಡದೆ ಹೋಗುವುದಿಲ್ಲ. ಬೆಟ್ಟದ ಬಂಡೆಗಳ ನಡುವೆ ನೀರು ಬೇಗ ಇಳಿಯುತ್ತದೆಂಬುದೇ ಫ್ಲೋರೈಡಿನ ವಿಷಯದಲ್ಲಿ ಗುಣ, ರೋಗಾಣುವಿನ ವಿಷಯದಲ್ಲಿ ದೋಷ. ಮಣ್ಣು ಸೋಸುವಷ್ಟು ಪುರುಸೊತ್ತು ಆ ನೀರಿಗಿಲ್ಲ. ಮೊದಲ ಮಳೆಯ ಮರುದಿನ ಧಾರೆ ದಪ್ಪಗಾಯಿತೆಂದು ಖುಷಿಯಿಂದ ಓಡುವವರು ಅತ್ಯಂತ ಕೆಟ್ಟ ದಿನವನ್ನೇ ಆರಿಸಿಕೊಂಡಿರುತ್ತಾರೆ.

ಹಾಗಿದ್ದರೆ ಈ ರಗಳೆಯೇ ಬೇಡ, ಘಟಕದ ನೀರು ಕುಡಿಯಿರಿ ಎನ್ನುವವರಿದ್ದಾರೆ. ಪೊರೆಯ ಮೂಲಕ ನೀರು ಸೋಸುವ ಈ ಆರ್‌ಓ ಘಟಕಗಳು ಜಿಲ್ಲೆಗೆ ಉಪಕಾರ ಮಾಡಿವೆ. ಫ್ಲೋರೈಡ್ ತೆಗೆಯುವ ಕೆಲಸವನ್ನು, ಪೊರೆ ಸರಿಯಾಗಿದ್ದಾಗ, ಚೆನ್ನಾಗಿಯೇ ಮಾಡುತ್ತವೆ. ನನ್ನ ತಕರಾರು ಆ ‘ಸರಿಯಾಗಿದ್ದಾಗ’ ಎಂಬುದರ ಬಗ್ಗೆ. ಪೊರೆ ಸವೆದರೂ ನಾಣ್ಯ ಹಾಕಿದರೆ ನೀರು ಬರುತ್ತದೆ, ನೋಡುವುದಕ್ಕೆ ಮೊದಲಿನಂತೆಯೇ ಇರುತ್ತದೆ. ಕೊನೆಯ ಪರೀಕ್ಷೆ ಯಾವಾಗ ಆಯಿತು, ಪೊರೆ ಯಾವಾಗ ಬದಲಾಯಿತು ಎಂಬ ಫಲಕ ಪ್ರತಿ ಘಟಕದ ಮುಂದೆ ಇರಬೇಕಿತ್ತು. ಎರಡನೆಯದು, ಘಟಕಕ್ಕೂ ನೀರು ಬರುವುದು ಅದೇ ಬೋರಿನಿಂದ, ಮತ್ತು ಎತ್ತಿದ್ದರಲ್ಲಿ ದೊಡ್ಡ ಪಾಲು ಲವಣ ಹೊತ್ತ ತ್ಯಾಜ್ಯವಾಗಿ ಚರಂಡಿಗೆ ಹೋಗುತ್ತದೆ. ಅತಿಬಳಕೆಯ ಜಿಲ್ಲೆಯಲ್ಲಿ ಒಂದು ಲೋಟ ಕುಡಿಯಲು ಒಂದಕ್ಕಿಂತ ಹೆಚ್ಚು ಲೋಟ ಚೆಲ್ಲುವ ಉಪಾಯ ಇದು. ಚಿಲುಮೆ ತಿಂಗಳ ಸಂಬಳವಿದ್ದಂತೆ, ಬೆಟ್ಟಕ್ಕೆ ಬಂದ ಮಳೆಯಷ್ಟೇ ಕೊಡುತ್ತದೆ. ಬೋರ್‌ವೆಲ್ಲೆಂದರೆ ಅಜ್ಜಿಯ ಒಡವೆಯನ್ನು ಒಂದೊಂದಾಗಿ ಗಿರವಿ ಇಡುವುದು. ಗಿರವಿಯ ದುಡ್ಡಿನಲ್ಲಿ ಒಂದಷ್ಟು ದಿನ ಧಾರಾಳವಾಗಿ ಬದುಕಬಹುದು, ಚಿನ್ನದ ಊರಿನವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಆಕ್ಷೇಪ ಎಂಜಿನಿಯರರದು: ಇಷ್ಟು ಸಣ್ಣ ಧಾರೆ ಒಂದೂವರೆ ಲಕ್ಷ ಜನ ದಾಟಿದ ಕೆಜಿಎಫ್‌ಗೆ ಯಾವ ಮೂಲೆಗೆ? ನ್ಯಾಯವಾದ ಪ್ರಶ್ನೆ, ಲೆಕ್ಕ ಹಾಕೋಣ. ಒಂದು ಲೀಟರ್ ತುಂಬಲು ಐದು ಸೆಕೆಂಡ್ ಹಿಡಿಯುವ ಧಾರೆ ಎಂದುಕೊಳ್ಳಿ. ಇದು ಅಂತರಗಂಗೆಯ ಅಳತೆಯಲ್ಲ, ಲೆಕ್ಕಕ್ಕೆ ಹಿಡಿದ ಧಾರೆ. ಹಗಲೂ ರಾತ್ರಿ ಹಿಡಿದರೆ ದಿನಕ್ಕೆ 17,280 ಲೀಟರ್, ಅಂದರೆ 20 ಲೀಟರಿನ 864 ಕ್ಯಾನ್. ತಲೆಗೆ ದಿನಕ್ಕೆ 55 ಲೀಟರ್ ಎಂಬ ಜಲಜೀವನ ಮಿಷನ್ನಿನ ಅಳತೆಯಲ್ಲಿ ಇದು ಮುನ್ನೂರು ಚಿಲ್ಲರೆ ಜನಕ್ಕೆ ಸಾಕು, ಅಷ್ಟೇ. ಆದರೆ ಆ 55 ಲೀಟರಿನಲ್ಲಿ ಕುಡಿಯಲು, ಅನ್ನ-ಸಾರು ಬೇಯಿಸಲು ಬೇಕಾದದ್ದು ನಾಲ್ಕೈದು ಲೀಟರ್. ಉಳಿದದ್ದು ಸ್ನಾನ, ಬಟ್ಟೆ, ಪಾತ್ರೆ, ಶೌಚಕ್ಕೆ. ಕುಡಿಯುವುದಕ್ಕೆ ಮಾತ್ರ ಎಂದರೆ ಅದೇ ಧಾರೆ ಮನೆಗೊಂದು ಕ್ಯಾನಿನಂತೆ 864 ಮನೆಗಳಿಗೆ ಆಗುತ್ತದೆ. ಅದು ಒಂದು ದೊಡ್ಡ ಹಳ್ಳಿಯಷ್ಟು. ಹಿಂದಿನವರಿಗೆ ಈ ವಿಂಗಡಣೆ ಸಹಜವಾಗಿತ್ತು: ಕುಡಿಯುವ ನೀರಿನ ಬಾವಿ ಬೇರೆ, ಬಳಸುವ ನೀರಿನ ಕೆರೆ ಬೇರೆ, ದನದ ಕುಂಟೆ ಬೇರೆ. ಒಂದೇ ಕೊಳವೆಯಲ್ಲಿ ಎಲ್ಲಕ್ಕೂ ಒಂದೇ ನೀರು ಬಿಟ್ಟು, ಕುಡಿಯುವ ಯೋಗ್ಯತೆಯ ನೀರಿನಲ್ಲಿ ಸ್ಕೂಟರ್ ತೊಳೆದು, ಆಮೇಲೆ ಕುಡಿಯಲು ಕ್ಯಾನ್ ಕೊಳ್ಳುವ ಪದ್ಧತಿ ನಮ್ಮ ಕಾಲದ ಜಾಣತನ. ಚಿಲುಮೆ ಊರಿನ ನೀರಿನ ಸಮಸ್ಯೆ ಬಗೆಹರಿಸುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಊರಿನ ಲೋಟದ ಸಮಸ್ಯೆಯಲ್ಲಿ ಒಂದು ಪಾಲು ಬಗೆಹರಿಸುತ್ತದೆ.

ದೊಡ್ಡ ಯೋಜನೆಗಳು ಬರುತ್ತಿವೆಯಲ್ಲ ಎಂಬ ಮಾತಿಗೂ ಉತ್ತರ ಇಲ್ಲೇ ಇದೆ. ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಬಳಿ ಮಾರ್ಕಂಡೇಯ ನದಿಗೆ ಕಟ್ಟಿದ ಅಣೆಕಟ್ಟೆ 2023ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಬಂಗಾರಪೇಟೆ, ಕೋಲಾರ, ಮಾಲೂರು ಪಟ್ಟಣಗಳಿಗೆ ಅದರ ನೀರು ಗೊತ್ತುಮಾಡಿದ್ದು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ, ಏಕೆಂದರೆ ಬಂಗಾರಪೇಟೆಯವರು ಒಂದು ಭಾನುವಾರ ಹೋಗಿ ತಮ್ಮ ನಲ್ಲಿಯ ಮೂಲವನ್ನು ಕಣ್ಣಾರೆ ನೋಡಬಹುದು. ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಸಂಸ್ಕರಿಸಿ ದಿನಕ್ಕೆ 440 ದಶಲಕ್ಷ ಲೀಟರ್ ಕೋಲಾರದ ಕೆರೆಗಳಿಗೆ ತುಂಬುವ ಕೆ.ಸಿ. ವ್ಯಾಲಿ ಯೋಜನೆ 2018ರಿಂದ ನಡೆಯುತ್ತಿದೆ. ಅದರ ಉದ್ದೇಶ ಅಂತರ್ಜಲ ಮರುಪೂರಣವೇ ಹೊರತು ನೇರ ಕುಡಿಯುವುದಲ್ಲ. ಆರಂಭದಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದದ್ದು, ಹೈಕೋರ್ಟ್ ತಡೆ ಕೊಟ್ಟದ್ದು, ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ಎಲ್ಲರಿಗೂ ನೆನಪಿದೆ. ಬತ್ತಿದ ಬೋರುಗಳಲ್ಲಿ ನೀರು ಕಂಡ ರೈತರು ಅದನ್ನು ಹೊಗಳುವುದೂ ನಿಜ. ಪಶ್ಚಿಮಘಟ್ಟದಿಂದ ನೀರು ತರುವ ಎತ್ತಿನಹೊಳೆ ಯೋಜನೆಯ ಕಥೆ ಇನ್ನೂ ಉದ್ದ: 2012ರಲ್ಲಿ 8,323 ಕೋಟಿಯಿದ್ದ ಅಂದಾಜು 23,251 ಕೋಟಿಗೆ ಏರಿ, 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಆ ನೀರು ಪೂರ್ತಿ ಬಂದರೆ ಬರಲಿ, ಬೇಡವೆನ್ನುವಷ್ಟು ಶ್ರೀಮಂತರು ಇಲ್ಲಿ ಯಾರಿದ್ದಾರೆ? ಆದರೆ ಪಶ್ಚಿಮಘಟ್ಟದ ಹೊಳೆಯಲ್ಲಿ ಏನಾಗುತ್ತಿದೆಯೆಂದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಗೃಹಿಣಿ ಹೇಗೆ ವಿಚಾರಿಸಬೇಕು? ಕಾಣದ ಮೂಲವನ್ನು ಯಾರೂ ಕಾಯುವುದಿಲ್ಲ. ಪಾಲಾರ್ ಸತ್ತದ್ದು ಬೇತಮಂಗಲದಲ್ಲಿ ಅಲ್ಲ, ಅದರ ಮೇಲ್ಭಾಗದಲ್ಲಿ, ಕಾಲುವೆ ಒತ್ತುವರಿಯಾಗುವಾಗ, ಮರಳು ಹೋಗುವಾಗ. ಕೆಳಗಿನವರಿಗೆ ಸುದ್ದಿ ಗೊತ್ತಾಗುವಷ್ಟರಲ್ಲಿ ನಲ್ಲಿ ನಿಂತಿತ್ತು.

ಹೀಗಾಗಿ ಮಾತು ಬೆಟ್ಟಕ್ಕೆ ಬರಬೇಕು. ಅಂತರಗಂಗೆಯ ನೀರು ಕಾಶಿಯಿಂದ ಗುಪ್ತವಾಗಿ ಬರುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ನಂಬಿಕೆಯ ಮೇಲೆ ನನಗೆ ಮುನಿಸಿಲ್ಲ. ಗುಡಿ ಇರುವುದರಿಂದಲೇ ಆ ಧಾರೆಯನ್ನು ಯಾರೂ ಇದುವರೆಗೆ ಪಂಪ್‌ಸೆಟ್ಟಿಗೆ ಜೋಡಿಸಿಲ್ಲ, ಅದೊಂದು ದೊಡ್ಡ ಉಪಕಾರ. ಆದರೆ ನೀರು ಕಾಶಿಯಿಂದ ಬರುವುದಾದರೆ ಶತಶೃಂಗಕ್ಕೆ ಬೆಂಕಿ ಬಿದ್ದರೇನು, ಕಲ್ಲು ಒಡೆದರೇನು ಎಂಬ ಉದಾಸೀನ ಅದರ ಬೆನ್ನಿಗೇ ಬರುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಒಂದು ಚದರ ಕಿಲೋಮೀಟರ್ ಬೆಟ್ಟದ ಮೇಲೆ ಅದು 70 ಕೋಟಿ ಲೀಟರ್. ಅದರಲ್ಲಿ ನೂರಕ್ಕೆ ಐದು ಪಾಲು ಒಳಗಿಳಿದರೂ ದಿನಕ್ಕೆ 95 ಸಾವಿರ ಲೀಟರಿಗಿಂತ ಹೆಚ್ಚು; ಮೇಲೆ ಲೆಕ್ಕ ಹಾಕಿದ ಧಾರೆಯಂಥವು ಐದು ಹರಿಯಬಹುದು. ಕಾಶಿಯ ನೆರವು ಬೇಕಿಲ್ಲ, ಬೆಟ್ಟ ಬೆಟ್ಟವಾಗಿ ಉಳಿದರೆ ಸಾಕು. ಆ ಐದು ಪಾಲು ಎಂಟಾಗುತ್ತದೋ ಎರಡಾಗುತ್ತದೋ ಎಂಬುದು ಮೇಲಿನ ಹುಲ್ಲು, ಪೊದೆ, ಮಣ್ಣಿನ ಕೈಯಲ್ಲಿದೆ. ಈ ಜಿಲ್ಲೆಯ ದಿಣ್ಣೆ-ಗೋಮಾಳಗಳನ್ನೆಲ್ಲ ಒಂದು ಕಾಲದಲ್ಲಿ ನೀರು ಹೀರುವ ನೀಲಗಿರಿ ಮರಕ್ಕೆ ಒಪ್ಪಿಸಿ, 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡುವುದನ್ನು ನಿಷೇಧಿಸಬೇಕಾಯಿತು. ಇದಕ್ಕೆ ತಿರುವುಮುರುವಾದ ಉದಾಹರಣೆ ಸಿಕ್ಕಿಂನದು. ಅಲ್ಲಿ 2008ರ ಸುಮಾರಿಗೆ ಶುರುವಾದ ಧಾರಾ ವಿಕಾಸ್ ಕಾರ್ಯಕ್ರಮದಲ್ಲಿ ಚಿಲುಮೆಯ ಮೇಲ್ಭಾಗದ ಇಳಿಜಾರಿನಲ್ಲಿ ಇಂಗುಗುಂಡಿ, ಅಡ್ಡಕಾಲುವೆ ತೋಡಿ ಸೊರಗಿದ ಧಾರೆಗಳನ್ನು ಚೇತರಿಸಿಕೊಳ್ಳುವಂತೆ ಮಾಡಿದರು. ಅಷ್ಟು ದೂರವೂ ಬೇಡ. ನಮ್ಮ ತುಮಕೂರು ಜಿಲ್ಲೆಯ ಮಧುಗಿರಿ, ಪಾವಗಡ, ಕೊರಟಗೆರೆ ಕಡೆ ತಲಪರಿಗೆ ಎಂಬ ಒರತೆಗಳಿವೆ. ಊರವರು ಸೇರಿ ವರ್ಷಕ್ಕೊಮ್ಮೆ ಹೂಳೆತ್ತಿ, ಕಾಲುವೆ ಬಿಡಿಸಿ ಅವನ್ನು ಜೀವಂತ ಇಟ್ಟುಕೊಂಡಿದ್ದರು. ಹೂಳೆತ್ತುವ ಕೂಟ ಚದುರಿದ ಕಡೆ ತಲಪರಿಗೆಯೂ ಮುಚ್ಚಿತು.

ಕೆಜಿಎಫ್‌ನಲ್ಲಿ ಮೂಲ ಮರೆತರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಗುಡ್ಡದಷ್ಟು ಎತ್ತರವಾಗಿ ನಿಂತಿದೆ. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯ 13 ಸೈನೈಡ್ ಗುಡ್ಡಗಳು ಊರಿನ ಮಗ್ಗುಲಲ್ಲಿವೆ, ಒಟ್ಟು 3.3 ಕೋಟಿ ಟನ್ ಎಂಬ ಅಂದಾಜು. ಗಾಳಿಗೆ ಆ ಪುಡಿ ಮನೆಯೊಳಗೆ ಬರುತ್ತದೆ, ಮಳೆಗೆ ತಗ್ಗಿಗೆ ಇಳಿಯುತ್ತದೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಚಾಂಪಿಯನ್ ರೀಫ್‌ನಂಥ ಗಣಿಗಳಲ್ಲಿ ಪಂಪು ನಿಂತ ಮೇಲೆ ನೀರು ತುಂಬಿಕೊಂಡಿದೆ. ಕಾಲ ಕೆಳಗೇ ಅಷ್ಟು ನೀರಿದ್ದರೂ ಕ್ಯಾನ್ ಹಿಡಿದು ಊರಾಚೆ ಹೋಗುವ ಜನರಿಗೆ ಮೂಲದ ಅರ್ಥ ಯಾರಿಗಿಂತಲೂ ಚೆನ್ನಾಗಿ ಗೊತ್ತು. ಗಣಿಯೊಳಗಿನದು ಯಾವ ಬಂಡೆಯನ್ನು, ಯಾವ ಕಸವನ್ನು ಹಾದು ಬಂದ ನೀರು ಎಂಬುದು ಅವರ ಲೆಕ್ಕದಲ್ಲಿದೆ.

ಹಾಗಾದರೆ ಆಗಬೇಕಾದದ್ದೇನು? ಚಿಲುಮೆಯನ್ನು ತೀರ್ಥ ಎಂದು ಮುಜರಾಯಿಗೆ, ಪ್ರೇಕ್ಷಣೀಯ ಸ್ಥಳ ಎಂದು ಪ್ರವಾಸೋದ್ಯಮಕ್ಕೆ, ಬೆಟ್ಟವನ್ನು ಅರಣ್ಯ ಇಲಾಖೆಗೆ ಹಂಚಿ ಕೈ ತೊಳೆದುಕೊಳ್ಳುವುದು ಸಾಲದು. ಜನ ಕುಡಿಯುತ್ತಾರೆ ಎಂದ ಮೇಲೆ ಅದು ಕುಡಿಯುವ ನೀರಿನ ಸರಬರಾಜು, ಅದರ ಹೆಸರು ನೀರಿನ ಕಡತದಲ್ಲಿರಬೇಕು. ಮಳೆಗೆ ಮುಂಚೆ, ಮಳೆಯಲ್ಲಿ, ಮಳೆ ಮುಗಿದ ಮೇಲೆ ಪರೀಕ್ಷೆಯಾಗಿ ಫಲಿತಾಂಶ ಧಾರೆಯ ಪಕ್ಕದ ಕಲ್ಲಿನ ಮೇಲೆ ಕನ್ನಡ, ತೆಲುಗು, ತಮಿಳಿನಲ್ಲಿ ಬರೆದಿರಬೇಕು. ಕುದಿಸಿ ಕುಡಿಯಬೇಕಾದರೆ ಹಾಗೆಂದೇ ಬರೆಯಲಿ. ಧಾರೆಯ ಮೇಲ್ಭಾಗದಲ್ಲಿ ಶೌಚಾಲಯದ ಗುಂಡಿ, ಕಲ್ಲುಕ್ವಾರಿ, ಹೊಸ ರೆಸಾರ್ಟ್ ಬೇಡ. ಇದಕ್ಕೆ ಸಾವಿರಾರು ಕೋಟಿ ಬೇಕಿಲ್ಲ, ಆದ್ದರಿಂದಲೇ ಇದು ಆಗುತ್ತಿಲ್ಲವೇನೋ. ಇಲಾಖೆ ಮಾಡಲಿ ಎಂದು ಕಾಯುವ ಅಗತ್ಯವೂ ಇಲ್ಲ. ಜಲಜೀವನ ಮಿಷನ್ನಿನ ಅಡಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ಹಳ್ಳಿಯ ಹೆಂಗಸರಿಗೆ ತರಬೇತಿ ಕೊಡುವ ಏರ್ಪಾಡಿದೆ. ಜಿಲ್ಲಾ ಕೇಂದ್ರದಲ್ಲಿ ಪ್ರಯೋಗಾಲಯವಿದೆ. ಮುಂದಿನ ಸಲ ಚಿಲುಮೆಗೆ ಹೋದಾಗ ಕ್ಯಾನಿನ ಜೊತೆ ಒಂದು ಶುಚಿಯಾದ ಬಾಟಲಿಯನ್ನೂ ತುಂಬಿಸಿ ಅಲ್ಲಿಗೆ ಒಯ್ಯಿರಿ. ಎರಡೇ ಅಂಕಿ ಕೇಳಿ: ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದೆಯೇ, 100 ಮಿಲಿಲೀಟರಿನಲ್ಲಿ ಇ-ಕೋಲೈ ಬ್ಯಾಕ್ಟೀರಿಯಾ ಸೊನ್ನೆಯೇ. ಉತ್ತರ ಕಾಗದದ ಮೇಲೆ ಬರುವವರೆಗೆ ಕುದಿಸಿ ಕುಡಿಯಿರಿ, ಕಾಗದ ಬಂದ ಮೇಲೆ ಅದರ ನಕಲೊಂದನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿ.